ನೀಲಿ ಮುಚ್ಚಳದ ಬಾಟಲಿ

"ಅಲ್ಲಾ ಕಣಮ್ಮಾ, ನಮ್ಮ ಬೋರಿನ ನೀರು ಪರೀಕ್ಷೆ ಮಾಡೋಕೆ ಬಂದೋಳು, ನೀನು ತಂದಿರೋ ನೀರನ್ನ ಯಾಕೆ ಬಾಟ್ಲಿಗೆ ಸುರೀತಿದೀಯ?"

ಹಿತ್ತಲ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಅತ್ತೆ ಕೇಳಿದಳು. ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಪರೀಕ್ಷೆಯವಳು ಕೈಗವಸಿನಲ್ಲೇ ಮೂಗಿನ ಬೆವರು ಒರೆಸಲು ಹೋಗಿ, ನೆನಪಾಗಿ, ಭುಜಕ್ಕೆ ಒರೆಸಿಕೊಂಡಳು. "ಇದು ಲ್ಯಾಬಿನ ಶುದ್ಧ ನೀರು ಅಮ್ಮಾ. ಬಿಳಿ ಮುಚ್ಚಳದ ಬಾಟ್ಲಿಯಲ್ಲಿ ನಿಮ್ಮದು, ನೀಲಿ ಮುಚ್ಚಳದ್ದರಲ್ಲಿ ಇದು. ಇದರಲ್ಲಿ ಏನೂ ಸಿಗಬಾರದು. ಸಿಕ್ಕಿದ್ರೆ, ಕೊಳೆ ನನ್ನ ಕೈಯಿಂದಲೋ ಗಾಳಿಯಿಂದಲೋ ಬಂತು ಅಂತ ಅರ್ಥ."

"ಹೂಂ," ಎಂದಳು ಅತ್ತೆ. ಅದು ನಂಬಿದವರ ಹೂಂ ಆಗಿರಲಿಲ್ಲ.

ಗೋಡೆಯಾಚೆ ಒಂದು ಕಾರ್ಖಾನೆಯಿತ್ತು. ನಲ್ಲಿ, ಹಿಡಿಕೆಗಳಿಗೆಲ್ಲ ಹೊಳಪು ಹಚ್ಚುತ್ತಿತ್ತು. ಅದರ ಬಾಗಿಲು ಮುಚ್ಚಿ ಎಷ್ಟೋ ಕಾಲವಾಯಿತು. ಅದು ಹರಿಯಬಿಟ್ಟ ರಸಾಯನ ಮಾತ್ರ ಮಣ್ಣೊಳಗಿಳಿದು ಕೂತಿದೆ. ಕೊಳೆಯದು, ಸವೆಯದು, ನೀರು ಕುದಿಸಿದರೂ ಹೋಗದು. ಯಾರ ಬೋರಿನಲ್ಲಿ ಅದು ಸಿಗುತ್ತದೋ ಅವರ ಮನೆಗೆ ಮಾತ್ರ ಕಾರ್ಖಾನೆಯವರು ಬೇರೆ ಕಡೆಯಿಂದ ಕೊಳಾಯಿ ಎಳೆಸಿಕೊಡಬೇಕು. ಪರೀಕ್ಷೆಯ ಖರ್ಚೂ ಅವರದೇ. ಅತ್ತೆಯ ತಲೆಗೆ ಹುಳ ಬಿಟ್ಟದ್ದು ಅದು. ಈ ಮನೆಯಲ್ಲಿ ಅಡುಗೆಗೂ ಕುಡಿಯಲೂ ಇದೇ ನೀರು, ಬೇರೆ ಇಲ್ಲ. ಸೊಸೆ ಆರು ತಿಂಗಳ ಬಸುರಿ.

"ಮೊದಲು ನಿಂತ ನೀರು ಹೋಗ್ಲಿ ಅಂತ ಬಕೆಟ್ಟುಗಟ್ಟಲೆ ಚೆಲ್ಲಿದ್ಲು. ಈಗ ತಾನು ತಂದ ನೀರು ತುಂಬ್ತಿದಾಳೆ," ಅತ್ತೆ ಅಡುಗೆಮನೆಗೆ ಬಂದು ಸೊಸೆಗೆ ಪಿಸುಗುಟ್ಟಿದಳು. "ಆ ನೀಲಿದನ್ನೇ ನಮ್ಮ ಬೋರಿಂದು ಅಂತ ಕೊಟ್ರೆ ಕೇಳೋರು ಯಾರು?"

"ಅಯ್ಯೋ ಅತ್ತೆ, ನೀವು ಹಾಲಿನವನನ್ನೂ ನಂಬ್ಲಿಲ್ಲ."

"ನಂಬ್ಲಿಲ್ಲ, ಅದಕ್ಕೇ ಸಿಕ್ಕಿಬಿದ್ದ."

ಅಷ್ಟರಲ್ಲಿ ಪರೀಕ್ಷೆಯವಳ ಫೋನ್ ಹೊಡೆದುಕೊಂಡಿತು. ಹಿತ್ತಲಲ್ಲಿ ಸರಿಯಾಗಿ ಕೇಳಿಸದೆ ಅವಳು ಬೀದಿ ಕಡೆಗೆ ಹೋದಳು. ಅತ್ತೆ ಬಾಟಲಿಗಳನ್ನಿಟ್ಟಿದ್ದ ಐಸ್ ಡಬ್ಬಿಯ ಮುಚ್ಚಳ ಎತ್ತಿದಳು, ನೀಲಿ ಬಾಟಲಿಯನ್ನು ಮಣ್ಣಿಗೆ ಬಗ್ಗಿಸಿದಳು, ಬಕೆಟ್ಟಿನಲ್ಲಿದ್ದ ಬೋರಿನ ನೀರನ್ನು ಕುತ್ತಿಗೆವರೆಗೆ ತುಂಬಿ ಮುಚ್ಚಳ ಬಿಗಿಯಾಗಿ ತಿರುಗಿಸಿ ಇಟ್ಟಳು. ಈಗ ಯಾವುದನ್ನು ಕೊಟ್ಟರೂ ನಮ್ಮದೇ ನೀರು.

ಮುಂದಿನ ತಿಂಗಳು ಪರೀಕ್ಷೆಯವಳು ಡಬ್ಬಿಯಿಲ್ಲದೆ, ಹೆಗಲಿಗೊಂದು ಚೀಲ ಮಾತ್ರ ಹಾಕಿಕೊಂಡು ಬಂದಳು. ಕೂರು ಎಂದರೂ ಕೂರಲಿಲ್ಲ. "ಎರಡು ಬಾಟ್ಲಿಯಲ್ಲೂ ವಿಷ ಸಿಕ್ಕಿದೆ ಅಮ್ಮಾ."

"ಸಿಗದೆ ಏನು! ನಾನು ಹೇಳ್ಲಿಲ್ವಾ?" ಅತ್ತೆಯ ಮುಖ ಅರಳಿತು. "ಕೊಳಾಯಿ ಯಾವಾಗ ಬರುತ್ತೆ?"

"ಬರಲ್ಲ. ಶುದ್ಧ ನೀರಲ್ಲೂ ಸಿಕ್ಕಿದ್ರಿಂದ, ವಿಷ ನಿಮ್ಮ ಬೋರಿಂದ ಬಂತೋ ನನ್ನ ಕೈಯಿಂದ ಬಂತೋ ಹೇಳೋಕಾಗಲ್ಲ ಅಂತ ಪರೀಕ್ಷೆನೇ ತಳ್ಳಿಹಾಕಿದ್ರು. ಕೈಗೆ ಏನು ಹಚ್ಕೊಂಡಿದ್ದೆ, ಯಾವ ಸೋಪಲ್ಲಿ ಬಟ್ಟೆ ಒಗೆದಿದ್ದೆ ಅಂತ ನನ್ನನ್ನ ಕಳ್ಳಿ ಥರ ವಿಚಾರಿಸ್ತಿದಾರೆ." ಅವಳು ಅತ್ತೆಯ ಮುಖವನ್ನೇ ನೋಡಿದಳು. "ಅವತ್ತು ನಾನು ಫೋನಿಗೆ ಎದ್ದು ಹೋದಾಗ ಡಬ್ಬಿ ಹತ್ರ ಯಾರಾದ್ರೂ ಬಂದಿದ್ರಾ?"

"ಯಾರು ಬರ್ತಾರೆ? ಬೆಕ್ಕು ಓಡಾಡ್ತಿತ್ತು."

"ಬೆಕ್ಕು ಮುಚ್ಚಳ ತಿರುಗಿಸಿ ತೆಗೆದು, ಮತ್ತೆ ಬಿಗಿಯಾಗಿ ಹಾಕುತ್ತಾ ಅಮ್ಮಾ?"

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಯಾರೋ ಮುಟ್ಟಿದ್ರು ಅಂತ ಗೊತ್ತಾದ್ರೆ ನಾಳೆನೇ ಹೊಸದಾಗಿ ನೀರು ತಗೋತೀವಿ. ಇಲ್ಲದಿದ್ರೆ ಈ ಬೀದಿ ಸರದಿ ಮುಂದಿನ ವರ್ಷವೇ." ಪರೀಕ್ಷೆಯವಳು ಫೋನನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಳು. "ಗೊತ್ತಿದ್ರೆ ಇದರ ಮುಂದೆ ಹೇಳ್ಬಿಡಿ."

ಫೋನಿನಲ್ಲಿ ಕೆಂಪು ಚುಕ್ಕಿಯೊಂದು ಆಗಲೇ ಮಿನುಗುತ್ತಿತ್ತು. ಹೇಳಿದರೆ, ನಾಳೆ ಕಾರ್ಖಾನೆಯವರು ಇದೇ ದನಿಯನ್ನು ಬೀದಿಗೆಲ್ಲ ಕೇಳಿಸಿ, ನೋಡಿ, ಕೊಳಾಯಿ ಆಸೆಗೆ ಇವರೇ ನೀರು ಕೆಡಿಸಿದ್ದು ಎಂದರೆ? ಅಷ್ಟಕ್ಕೂ ಇವಳು ಯಾರ ಕಡೆಯವಳು? ಅತ್ತೆ ತುಟಿ ಒಳಗೆಳೆದುಕೊಂಡಳು.

ಬಿಸಿಲಲ್ಲಿ ಬಂದವರೆಂದು ಸೊಸೆ ಒಳಗಿನಿಂದ ಒಂದು ಲೋಟ ನೀರು ತಂದು ಚಾಚಿದಳು. ಅಭ್ಯಾಸಬಲ. ಪರೀಕ್ಷೆಯವಳು ಕೈ ನೀಡಲಿಲ್ಲ. ನನ್ನ ಹತ್ತಿರವೇ ನೀರಿದೆ ಎಂಬಂತೆ ಹೆಗಲ ಚೀಲವನ್ನು ತಟ್ಟಿದಳು. ತಂದದ್ದನ್ನು ಚೆಲ್ಲುವುದೇಕೆ ಎಂದು ಸೊಸೆ ಹೊಟ್ಟೆಯ ಮೇಲೊಂದು ಕೈಯಿಟ್ಟುಕೊಂಡು ಲೋಟವನ್ನು ತಾನೇ ಬಾಯಿಗೆ ಎತ್ತಿದಳು.

"ನೀನು ಆ ಲೋಟ ಕೆಳಗಿಡು," ಅತ್ತೆ ಸೊಸೆಗೆ ಗದರಿದಳು. ಆಮೇಲೆ ಇತ್ತ ತಿರುಗಿದಳು. "ನೀನು ಆ ಫೋನ್ ಕೆಳಗಿಡು. ಬೆಕ್ಕು ಯಾವುದು ಅಂತ ಆಮೇಲೆ ಹೇಳ್ತೀನಿ."