ಮೂರರ ಮೇಲೆ ನಿಂತ ಮುಳ್ಳು

ನಾಲ್ಕು ರಾಕೆಟ್ ಹೊತ್ತು ಹೋದ ವಿಮಾನ ನಾಲ್ಕನ್ನೂ ಹೊತ್ತು ವಾಪಸು ಬಂದಿತ್ತು. ಪ್ರೊಪೆಲರ್ ಇನ್ನೂ ಪೂರ್ತಿ ನಿಂತಿರಲಿಲ್ಲ, ಅಷ್ಟರಲ್ಲೇ ಕಾರ್ಪೊರಲ್ ಗಾರ್ಸೈಡ್ ರೆಕ್ಕೆಯಡಿಗೆ ನುಗ್ಗಿ ಎಣಿಸಿದ. ಮತ್ತೊಮ್ಮೆ ಎಣಿಸಿದ.

ಎಂಟು ರಾಕೆಟ್ ಹೊರುವ ವಿಮಾನ ಅದು. ಪೈಲಟ್ ಗುಂಡಿ ಒಮ್ಮೆ ಒತ್ತಿದರೆ ಎಡಕ್ಕೊಂದು ಬಲಕ್ಕೊಂದು ಜೋಡಿಯಾಗಿಯೇ ಹಾರಬೇಕು; ಇಲ್ಲವಾದರೆ ಒಂದು ಮಗ್ಗುಲು ಭಾರವಾಗಿ ವಿಮಾನ ವಾಲುತ್ತದೆ. ರೆಕ್ಕೆಯ ತುದಿಯ ಜೋಡಿ ಒಂದನೆಯದು, ಒಡಲಿಗೆ ಹತ್ತಿರದ್ದು ನಾಲ್ಕನೆಯದು. ಈ ಸರದಿಯನ್ನು ಕಾಯುವುದು ರೆಕ್ಕೆಯ ಬುಡದಲ್ಲಿ, ಮುಚ್ಚಳದೊಳಗಿನ, ಒಂದರಿಂದ ಅಂಕಿ ಬರೆದ ಒಂದು ಬಿಲ್ಲೆ. ಪ್ರತಿ ಸಲ ಒತ್ತಿದಾಗಲೂ ಅದರ ಮುಳ್ಳು ನಿಂತ ಅಂಕಿಯ ಜೋಡಿಗೆ ಕಿಡಿ ಹೋಗಿ, ಮುಳ್ಳು ಒಂದು ಮನೆ ಮುಂದಕ್ಕೆ ಜಿಗಿಯುತ್ತದೆ, ಆ ಮನೆಯಲ್ಲಿ ರಾಕೆಟ್ ಇರಲಿ ಬಿಡಲಿ. ಹೊರಡುವ ಮುಂಚೆ ಮುಳ್ಳನ್ನು ಒಂದಕ್ಕೆ ತಂದಿಡುವುದು ಗಾರ್ಸೈಡ್‌ಗೆ ಬೆಳಗಿನ ಚಹಾದಷ್ಟೇ ಅಭ್ಯಾಸ. ಆದರೆ ಇವತ್ತು ರಾಕೆಟ್ ತರುವ ಲಾರಿ ನಾರ್ಮಂಡಿಯ ಧೂಳಿನಲ್ಲಿ ಎಲ್ಲೋ ಸಿಕ್ಕಿಕೊಂಡು, ಒಳಗಿನ ಎರಡು ಜೋಡಿಯನ್ನಷ್ಟೇ ಕಟ್ಟಿ ಕಳಿಸಬೇಕಾಗಿತ್ತು. ಮುಳ್ಳನ್ನು ಮೂರಕ್ಕೆ ಇಡಬೇಕಿತ್ತು. ಕೈ ತನ್ನ ಪಾಡಿಗೆ ಒಂದಕ್ಕೇ ತಿರುಗಿಸಿಬಿಟ್ಟಿತ್ತು. ಅದು ನೆನಪಾದದ್ದು ವಿಮಾನ ಸೇಬಿನ ತೋಟದಾಚೆ ಮರೆಯಾದ ಮೇಲೆ.

ಹೋದ ತಿಂಗಳು ಇದೇ ತಪ್ಪಿಗೆ ಇನ್ನೊಬ್ಬ ಕಾರ್ಪೊರಲ್‌ನ ತೋಳಿನ ಪಟ್ಟಿ ಕಿತ್ತು, ಅವನನ್ನು ಕಕ್ಕಸು ಗುಂಡಿ ತೋಡಲು ಹಾಕಿದ್ದರು. ಗಾರ್ಸೈಡ್ ತನ್ನ ಎರಡು ಪಟ್ಟಿಗಳಿಗಾಗಿ ಐದು ವರ್ಷ ಬೆವರು ಸುರಿಸಿದ್ದ.

ಪೈಲಟ್ ಡೆನ್‌ಬಿ ಕೆಳಗಿಳಿದ. ಮುಖ ಸುಣ್ಣ ಬಳಿದಂತಾಗಿತ್ತು.

"ಸರ್, ರಾಕೆಟ್ಟು..."

"ನಮ್ಮವೇ ಟ್ಯಾಂಕುಗಳು ಕಣಯ್ಯ! ಜರ್ಮನ್ನರದ್ದು ಅಂತ ಹೇಳಿ ಕಳಿಸಿದ್ರು. ಹತ್ರ ಹೋದ್ರೆ ಒಬ್ಬ ಟ್ಯಾಂಕ್ ಮೇಲೆ ಹತ್ತಿ ನಮ್ಮವರ ಗುರುತಿನ ಹಳದಿ ಬಟ್ಟೆ ಬೀಸ್ತಾ ಕುಣೀತಿದ್ದಾನೆ. ಅದಕ್ಕೇ ಒತ್ತಲಿಲ್ಲ."

"ಒತ್ತಲೇ ಇಲ್ವಾ ಸರ್?"

"ಇಲ್ಲ ಅಂದ್ನಲ್ಲ! ಎಷ್ಟು ಸಲ ಹೇಳ್ಬೇಕು?"

ಬದುಕಿದೆಯಾ ಬಡಜೀವವೇ ಅಂದುಕೊಂಡ ಗಾರ್ಸೈಡ್. ಒತ್ತಿಲ್ಲ ಎಂದ ಮೇಲೆ ತಪ್ಪು ಯಾರ ಕಣ್ಣಿಗೂ ಬಿದ್ದಿಲ್ಲ. ಮುಳ್ಳನ್ನು ಸದ್ದಿಲ್ಲದೆ ಮೂರಕ್ಕೆ ತಿರುಗಿಸಿಬಿಟ್ಟರೆ ಆಯಿತು. ಮುಚ್ಚಳ ತೆಗೆದ.

ಮುಳ್ಳು ಮೂರರ ಮೇಲೆಯೇ ಇತ್ತು.

ಒಂದರಿಂದ ಎರಡು, ಎರಡರಿಂದ ಮೂರು. ಡೆನ್‌ಬಿ ಒತ್ತಿದ್ದ, ಅದೂ ಎರಡು ಸಲ. ಗಾರ್ಸೈಡ್ ತನ್ನ ಕೆಲಸ ಸರಿಯಾಗಿ ಮಾಡಿದ್ದರೆ ಆ ಹಳದಿ ಬಟ್ಟೆಯವನು ಈಗ ಇರುತ್ತಿರಲಿಲ್ಲ. ತಿರುಗಿ ನೋಡಿದರೆ ಡೆನ್‌ಬಿ ಬೇರೆಡೆ ಮುಖ ಮಾಡಿ ಸಿಗರೇಟು ಹಚ್ಚುತ್ತಿದ್ದ. ಮೂರನೆಯ ಕಡ್ಡಿಯೂ ಹತ್ತಲಿಲ್ಲ.

ಶಸ್ತ್ರಾಸ್ತ್ರದ ಅಧಿಕಾರಿ ಬ್ಲೆಂಕಿನ್ ಬಂದದ್ದು ಆಗಲೇ. ಮೊಸರಲ್ಲಿ ಕಲ್ಲು ಹುಡುಕುವ ಆಸಾಮಿ. ತೆರೆದಿದ್ದ ಮುಚ್ಚಳದೊಳಗೆ ಇಣುಕಿದ, ರೆಕ್ಕೆಯಡಿ ಬಗ್ಗಿ ನೋಡಿದ.

"ರಾಕೆಟ್ ಒಳಗಿನ ಎರಡು ಜೋಡಿ, ಮುಳ್ಳು ಮೂರು. ಇದಪ್ಪಾ ಕೆಲಸ ಅಂದ್ರೆ! ಉಳಿದ ಕತ್ತೆಗಳನ್ನೆಲ್ಲ ಕರ್ಕೊಂಡು ಬಂದು ತೋರಿಸ್ಬೇಕು." ಆಮೇಲೆ ಡೆನ್‌ಬಿಯ ಬೆನ್ನು ತಟ್ಟಿದ. "ಟ್ಯಾಂಕಿನವರು ಫೋನ್ ಮಾಡಿದ್ರಯ್ಯಾ. ಎಂಥ ಕಣ್ಣು, ಎಂಥ ಸಂಯಮ ಅಂತ ಒಂದೇ ಸಮ ಹೊಗಳಿಕೆ. ಸೇಬಿನ ಬ್ರಾಂದಿ ಕಳಿಸ್ತಾರಂತೆ. ಎಲ್ಲರೂ ನಿಮ್ಮಿಬ್ಬರ ಹಾಗಿದ್ರೆ ಕ್ರಿಸ್‌ಮಸ್‌ಗೆ ಯುದ್ಧ ಮುಗಿಸಿ ಮನೆಗೆ ಹೋಗ್ಬಹುದು."

ಇಬ್ಬರೂ ಥ್ಯಾಂಕ್ಸ್ ಹೇಳಿದರು. ಬೇರೆ ಏನು ತಾನೇ ಹೇಳಿಯಾರು?

ಗಂಟೆಯೊಳಗೆ ಮತ್ತೆ ಹೊರಡುವ ಅಪ್ಪಣೆ ಬಂತು. ಅದೇ ನಾಲ್ಕು ರಾಕೆಟ್. ಸೀಟಿನ ಬೆಲ್ಟ್ ಬಿಗಿಯಲು ಗಾರ್ಸೈಡ್ ಬಗ್ಗಿದಾಗ ಡೆನ್‌ಬಿ ತಗ್ಗಿದ ದನಿಯಲ್ಲಿ ಕೇಳಿದ:

"ಆಗ ಮುಳ್ಳು ಎಲ್ಲಿತ್ತು?"

"ಹೋಗುವಾಗಲಾ ಸರ್, ಬಂದಾಗಲಾ?"

ಗಾರ್ಸೈಡನೇ ಹೇಳಿದ, "ಹೋಗುವಾಗ ಒಂದು. ಬಂದಾಗ ಮೂರು."

ಡೆನ್‌ಬಿಯ ಹೆಬ್ಬೆರಳು ರಾಕೆಟ್ ಗುಂಡಿಯ ಮೇಲೆ ಹೋಗಿ ಕೂತಿತು.

"ಈಗ?"

"ಮೂರರಲ್ಲೇ ಇದೆ." ಗಾರ್ಸೈಡ್ ಬೆಲ್ಟನ್ನು ಇನ್ನೊಮ್ಮೆ ಎಳೆದು ನೋಡಿದ. "ಈ ಸಲ ಒತ್ತಿದ್ರೆ ಹೋಗುತ್ತೆ, ಸರ್."

ಗುಂಡಿಯ ಮೇಲಿದ್ದ ಹೆಬ್ಬೆರಳನ್ನು ಡೆನ್‌ಬಿ, ಕಾದ ಬಾಣಲೆ ಮುಟ್ಟಿದವನಂತೆ ಹಿಂದಕ್ಕೆಳೆದುಕೊಂಡ.