ಏಳನೇ ಹಂತಕ್ಕೆ ಕೊಟ್ಟದ್ದು

ರೇವತಿ ಶಾಲೆಯ ಗೇಟಿನ ಮುಂದೆ ಕಾಯುತ್ತಾ ನಿಂತಿದ್ದಳು. ಮಗಳು ಇಂಚರ ಇವತ್ತು ಗಣಿತದ ಆಟದಲ್ಲಿ ಏಳನೇ ಹಂತ ದಾಟುವವಳಿದ್ದಳು. ಆಟದಲ್ಲಿ ಕಲಿತ ಪಾಠ ಸಾಯುವ ತನಕ ಮರೆಯುವುದಿಲ್ಲ. ಆದರೆ ಅದಕ್ಕೆ ಜಾಗ ಮಾಡಲು ಪ್ರತಿ ಹಂತದಲ್ಲೂ ಮಗು ತನ್ನದೊಂದು ನೆನಪನ್ನು ತಾನೇ ಆರಿಸಿ ಬಿಟ್ಟುಕೊಡಬೇಕು. ನಾಯಿ ಕಚ್ಚಿದ್ದು, ಜ್ವರ ಬಂದದ್ದು ಎಲ್ಲ ಮೊದಲ ಆರು ಹಂತಗಳಿಗೇ ಖರ್ಚಾಗಿದ್ದವು.

ಅದಕ್ಕೇ ಬೆಳಿಗ್ಗೆ ಮಗಳ ಜಡೆ ಹೆಣೆಯುತ್ತಾ ರೇವತಿ ಬುದ್ಧಿ ಹೇಳಿದ್ದಳು: "ನೋಡು ಪುಟ್ಟಿ, ತೀರ್ಕೊಂಡಿರೋ ಅಜ್ಜಿ ಮತ್ತೆ ಸಿಗಲ್ಲ, ಅವರನ್ನ ಭದ್ರವಾಗಿ ಇಟ್ಕೋ. ದಿನಾ ಕಣ್ಣೆದುರಿಗೆ ಇರೋದನ್ನ ಕೊಟ್ಬಿಡು."

ಉಪ್ಪಿಟ್ಟಿನ ರುಚಿಯನ್ನೋ ಮನೆಯ ದಾರಿಯನ್ನೋ ಕೊಟ್ಟಾಳು ಎಂದು ಅವಳ ಎಣಿಕೆ.

ಗಂಟೆ ಹೊಡೆಯಿತು. ಹಂತ ದಾಟಿ ಬಂದ ಮಕ್ಕಳನ್ನು ಹೆಸರು ಹಿಡಿದು ಕರೆಯಬಾರದು, ಅವರೇ ಗುರುತಿಸಿ ಬರಬೇಕು ಎಂಬುದು ಅಲ್ಲಿಯ ವಾಡಿಕೆ. ಗೇಟಿನಲ್ಲಿದ್ದ ತಾಯಂದಿರೆಲ್ಲ ಮುಖ ಕಾಣುವಂತೆ ಸಾಲಾಗಿ ನಿಂತರು. ಒಂದೊಂದೇ ಮಗು ಓಡಿ ಬಂದು ಒಬ್ಬೊಬ್ಬರನ್ನು ತಬ್ಬಿಕೊಂಡಿತು. ಇಂಚರಳ ಕಣ್ಣು ಮಾತ್ರ ರೇವತಿಯ ಮುಖದ ಮೇಲೆ ಹಾದು ಹಾಗೇ ಮುಂದೆ ಹೋಯಿತು.

ರೇವತಿ ತಡೆಯಲಾರದೆ ಹೋಗಿ ಕೈ ಹಿಡಿದಳು. "ಇಂಚರಾ, ನಡಿಯಮ್ಮ, ಮನೆಗೆ ಹೋಗೋಣ."

ಹುಡುಗಿ ಮೆಲ್ಲಗೆ ಕೈ ಬಿಡಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ಗೊತ್ತಿಲ್ಲದೋರ ಜೊತೆ ಹೋಗ್ಬಾರ್ದು ಅಂತ ನಮ್ಮಜ್ಜಿ ಹೇಳ್ಕೊಟ್ಟಿದಾರೆ, ಆಂಟಿ."