ಆಕ್ಷೇಪಣೆ ಯಾವುದೂ ಬಂದಿಲ್ಲ

ಆ ಹೆಂಗಸು ಮತ್ತೆ ಗೇಟು ದಾಟಿ ಬರುವುದನ್ನು ಕಂಡ ಕೂಡಲೇ ಧೂಳಣ್ಣ ಎದ್ದು ಕಪಾಟಿನ ಹಿಂದೆ ಹೋಗಿ ನಿಂತ.

ಧೂಳಣ್ಣ ಎಂದು ಹೆಸರಿಟ್ಟವನು ಕಚೇರಿಯ ಜವಾನ. ನಗರ ಯೋಜನಾ ಕಚೇರಿಯ ದಾಖಲೆ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೂತವನಿಗೆ ರೆಪ್ಪೆಯ ಮೇಲೂ ಧೂಳಿತ್ತು. ನಿವೃತ್ತಿಗೆ ಉಳಿದದ್ದು ಹನ್ನೊಂದು ತಿಂಗಳು.

"ಅಣ್ಣಾ, ಕಪಾಟಿಗೆ ಕಾಲು ಬಂದಿದೆ, ಕಾಣ್ತಿದೆ," ಎಂದ ಜವಾನ. "ಈಚೆ ಬನ್ನಿ. ಆಯಮ್ಮ ಬಿಡೋ ಪೈಕಿ ಅಲ್ಲ."

ಆಕೆಗೆ ಮೂವತ್ತು ದಾಟಿರಲಿಲ್ಲ. ಹೋದ ವಾರ ಕೊಟ್ಟ ಅರ್ಜಿಯಲ್ಲಿ ಇದ್ದದ್ದು ಮೂರೇ ಸಾಲು. ನಿವೇಶನ ಸಂಖ್ಯೆ ಇನ್ನೂರ ಹದಿನಾಲ್ಕರ ಭೂ ಬಳಕೆ ದಾಖಲೆ. ಆ ಬೀದಿಯ ಹಳೆಯ ಮತ್ತು ಹೊಸ ವಲಯ ನಕ್ಷೆ. ವಲಯ ಬದಲಾವಣೆಗೆ ಬಂದ ಆಕ್ಷೇಪಣೆಗಳೆಲ್ಲದರ ಪ್ರತಿ.

ಇನ್ನೂರ ಹದಿನಾಲ್ಕು ಯಾವುದೆಂದು ಕಚೇರಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಮನೆಗಳ ನಡುವೆ ಖಾಲಿ ಬಿದ್ದಿದ್ದ ಜಾಗ. ಹಳೆಯ ನಕ್ಷೆಯಲ್ಲಿ ಹಳದಿ, ಅಂದರೆ ವಾಸಕ್ಕೆ. ಹೊಸದರಲ್ಲಿ ನೇರಳೆ, ಅಂದರೆ ಕೈಗಾರಿಕೆಗೆ. ಎರಡು ವರ್ಷದ ಹಿಂದೆ ಬಣ್ಣ ಬದಲಾಯಿತು, ಪೇಂಟಿಗೆ ಬೆರೆಸುವ ಥಿನ್ನರ್ ತುಂಬುವ ಗೋದಾಮು ಎದ್ದಿತು. ಏಳು ತಿಂಗಳ ಹಿಂದೆ ಅದು ಹೊತ್ತಿಕೊಂಡು, ಅದರ ಗೋಡೆ ಪಕ್ಕದ ಮನೆಯ ಮೇಲೆ ಬಿತ್ತು. ಆ ಮನೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದ ರಸಾಯನಶಾಸ್ತ್ರದ ಮೇಷ್ಟ್ರು ಈಕೆಯ ಗಂಡ.

"ಕೋರ್ಟಿಗೆ ಹೋಗ್ತಾಳೆ," ಎಂದಿದ್ದರು ಸಾಹೇಬರು. "ಏನು ಕೊಟ್ರೂ ನೋಡ್ಕೊಂಡು ಕೊಡು. ಕೊನೆಗೆ ನಿನ್ನ ತಲೆಗೇ ಬರುತ್ತೆ."

ಧೂಳಣ್ಣನ ನಿದ್ದೆ ಕೆಟ್ಟದ್ದು ಸಾಹೇಬರ ಮಾತಿಗಲ್ಲ. ಅರ್ಜಿ ಕೊಟ್ಟ ದಿನ ಆಕೆ ಆಡಿದ ಮಾತಿಗೆ.

"ನಮ್ಮೋರು ಆಕ್ಷೇಪಣೆ ಬರೆದಿದ್ರು. ಮೂರು ಪುಟ. ಯಾರೂ ವಿಚಾರಣೆಗೆ ಕರೀಲಿಲ್ಲ. ಆಫೀಸಿನೋರು ನನ್ನ ಕಾಗದ ನುಂಗಿ ನೀರು ಕುಡಿದ್ರು ಅಂತ ಕೊನೇವರೆಗೂ ಬೈತಿದ್ರು."

ಹಾಗೆನ್ನುವಾಗ ಆಕೆಯ ದನಿ ಏರಲಿಲ್ಲ, ಇಳಿಯಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು ಅವನದಾಯಿತು. ನಿಯಮದ ಪ್ರಕಾರ ಆಕ್ಷೇಪಣೆಗೆ ಎರಡು ಪ್ರತಿ ಬೇಕು. ಒಂದೇ ಪ್ರತಿ ತಂದವರನ್ನು ವಾಪಸು ಕಳಿಸಿ ಇನ್ನೊಂದು ತರಿಸುವ ತಾಳ್ಮೆ ಧೂಳಣ್ಣನಿಗೆ ಇರಲಿಲ್ಲ. ಇಸಿದುಕೊಳ್ಳುತ್ತಿದ್ದ, ಪುಸ್ತಕಕ್ಕೆ ಏರಿಸುತ್ತಿರಲಿಲ್ಲ. ಆ ಕಾಗದಗಳು ಅಟ್ಟದ ಮೇಲಿನ ಗೋಣಿಚೀಲ ಸೇರುತ್ತಿದ್ದವು. ವರ್ಷಗಳಿಂದ ಅದನ್ನು ಯಾರೂ ಇಳಿಸಿರಲಿಲ್ಲ.

ಈಗ ಕಪಾಟಿನ ಹಿಂದಿನಿಂದ ಬಂದು, ನಕ್ಷೆಯ ಸುರುಳಿಗಳನ್ನು ಆಕೆಯ ಮುಂದಿಟ್ಟ. ಆಕೆ ಬಿಚ್ಚಿ ಕೂಡ ನೋಡಲಿಲ್ಲ. ಮಂಜೂರು ಮಾಡಿದವರು ಯಾರೆಂದು ಕೇಳಲಿಲ್ಲ. ಕೇಳಿದ್ದು ಬೇರೆ.

"ಟಪಾಲಲ್ಲಿ ಬಂದದ್ದು, ಕೈಲಿ ತಂದು ಕೊಟ್ಟದ್ದು, ಎರಡೂ ಬರ್ಕೋತೀರಾ?"

"ಬೇರೆ ಬೇರೆ ಪುಸ್ತಕ ಇದೆ ಕಣಮ್ಮ."

"ಒಬ್ಬರೇ ಎರಡು ಸಲ ಕೊಟ್ಟಿದ್ರೆ?"

"ಎರಡೂ ಇರುತ್ತೆ."

"ಹಾಗಾದ್ರೆ ಎರಡೂ ಪುಸ್ತಕ ನೋಡಿ. ಕಡೇ ದಿನದವರೆಗೂ ನೋಡಿ. ಅವರು ಹಿಡಿದ ಕೆಲಸ ಬಿಡೋರಲ್ಲ."

ವಕೀಲರು ಹೇಳಿಕೊಟ್ಟು ಕಳಿಸಿದ್ದಾರೆ ಎಂದುಕೊಂಡ ಧೂಳಣ್ಣ. ಸೋಮವಾರ ಬರಲು ಹೇಳಿದ.

ಭಾನುವಾರ ಒಬ್ಬನೇ ಬಂದು ಬಾಗಿಲು ಹಾಕಿಕೊಂಡ. ಗೋಣಿಚೀಲ ಇಳಿಸಿ ನೆಲಕ್ಕೆ ಸುರಿದ. ಒಂದೊಂದೇ ಕಾಗದ ಓದಿದ. ಅವನ್ನು ಯಾರಾದರೂ ಓದಿದ್ದು ಅದೇ ಮೊದಲು. ಆಟದ ಬಯಲು ಉಳಿಸಿ ಎಂದು ಮಕ್ಕಳ ದಪ್ಪ ಅಕ್ಷರ. ಎದುರಿನ ಕಟ್ಟಡ ಎದ್ದರೆ ನನ್ನ ಕೋಣೆಗೆ ಬೆಳಕಿಲ್ಲ ಎಂದು ಒಬ್ಬ ಮುದುಕಿ. ಮೊಮ್ಮಗಳ ಕೈಲಿ ಬರೆಸಿದ್ದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆ ಕಟ್ಟಡ ಎದ್ದು ಎಷ್ಟೋ ಕಾಲವಾಗಿತ್ತು. ಧೂಳಣ್ಣ ಊಟದ ಡಬ್ಬಿ ತೆರೆಯಲಿಲ್ಲ.

ಸಂಜೆ ಐದಕ್ಕೆ ಚೀಲದ ತಳ ಕಂಡಿತು. ಮೇಷ್ಟ್ರ ಕಾಗದ ಅದರಲ್ಲಿರಲಿಲ್ಲ. ಕೈಲಿ ಕೊಟ್ಟದ್ದರ ಪುಸ್ತಕದಲ್ಲೂ ಇರಲಿಲ್ಲ, ಟಪಾಲು ಪುಸ್ತಕದಲ್ಲೂ ಇರಲಿಲ್ಲ. ಅದನ್ನು ಬರೆಯುವ ಟಪಾಲು ವಿಭಾಗದ ಅಕ್ಕ ಹರಿದ ಕಾರ್ಡು ಬಂದರೂ ನಮೂದಿಸದೆ ಬಿಡುವವಳಲ್ಲ. ಇನ್ನೂರ ಹದಿನಾಲ್ಕರ ಬಗ್ಗೆ ಯಾರೊಬ್ಬರೂ ಒಂದಕ್ಷರ ಬರೆದಿರಲಿಲ್ಲ. ಕಾಗದದ ರಾಶಿಯ ನಡುವೆ ಕೂತು ಧೂಳಣ್ಣ ಅತ್ತುಬಿಟ್ಟ. ಈ ಒಂದು ಸಾವು ತನ್ನ ತಲೆಯ ಮೇಲಿಲ್ಲ.

ಸೋಮವಾರ ಅವನೇ ಗೇಟಿನ ತನಕ ಹೋಗಿ ಕರೆತಂದ. ಕುರ್ಚಿ ಒರೆಸಿದ.

"ಕೂತ್ಕೊಳ್ಳಿ ತಾಯಿ. ಒಂದು ಮಾತು ಹೇಳ್ತೀನಿ. ಸಾಹೇಬರಿಗೆ ಹೇಳೋದಾದ್ರೆ ಹೇಳಿ, ನಾನು ತಯಾರಿದ್ದೀನಿ."

ಗೋಣಿಚೀಲದ ಕಥೆಯನ್ನು ಒಂದೂ ಬಚ್ಚಿಡದೆ ಹೇಳಿದ.

"ಆದ್ರೆ ನಿಮ್ಮೋರ ಕಾಗದ ಅದರಲ್ಲಿಲ್ಲ. ಟಪಾಲಿನಲ್ಲೂ ಬಂದಿಲ್ಲ."

"ಆಮೇಲೆ ಅವರೇ ಬಂದು ಕೈಲಿ ಕೊಟ್ಟಿರಬಹುದು."

"ಇಲ್ಲ ತಾಯಿ. ಅದು ಈ ಕಚೇರಿಯ ಹೊಸಲೇ ತುಳಿದಿಲ್ಲ. ನನ್ನ ಮಕ್ಕಳಾಣೆಗೂ ಇಲ್ಲ."

"ಬಂದಿದ್ರೆ?"

"ಬಂದಿದ್ರೆ ವಿಚಾರಣೆ ಮಾಡಲೇಬೇಕಿತ್ತು. ಥಿನ್ನರ್ ಅಂದ್ರೆ ಏನು ಅಂತ ಮೇಷ್ಟ್ರು ಎದ್ದು ನಿಂತು ಹೇಳಿದ್ರೆ, ಯಾವ ಸಾಹೇಬರು ಸಹಿ ಹಾಕೋರು? ಆ ಗೋದಾಮು ಏಳ್ತಾನೇ ಇರಲಿಲ್ಲ."

"ಒಂದೇ ಸಾಕಿತ್ತಾ?"

"ಒಂದೇ ಸಾಕಿತ್ತು," ಎಂದ ಧೂಳಣ್ಣ. ಇಷ್ಟು ಹಗುರವಾಗಿ ಅವನು ಮಾತಾಡಿ ಎಷ್ಟೋ ದಿನವಾಗಿತ್ತು. ಕಡತ ಬಿಚ್ಚಿ ಕೊನೆಯ ಹಾಳೆಯ ಮೇಲೆ ಬೆರಳಿಟ್ಟ. "ನೋಡಿ, ಬರೆದಿದೆ. ಆಕ್ಷೇಪಣೆ ಯಾವುದೂ ಬಂದಿಲ್ಲ."

ಆಕೆ ಆ ಸಾಲನ್ನು ನೋಡುತ್ತಲೇ ಇದ್ದಳು. ಆಮೇಲೆ ಕೈಚೀಲದಿಂದ ಒಂದು ದಪ್ಪ ಲಕೋಟೆ ತೆಗೆದು ಹಾಳೆಯ ಪಕ್ಕ ಇಟ್ಟಳು. ಮೇಷ್ಟ್ರ ದುಂಡು ಅಕ್ಷರದಲ್ಲಿ ಇದೇ ಕಚೇರಿಯ ವಿಳಾಸ. ಬಾಯಿ ಅಂಟಿಸಿತ್ತು, ಅಂಚೆಚೀಟಿ ಹಚ್ಚಿತ್ತು. ಚೀಟಿಯ ಮೇಲೆ ಅಂಚೆಯ ಮುದ್ರೆ ಇರಲಿಲ್ಲ.

"ಹೋಗ್ತಾ ಡಬ್ಬಿಗೆ ಹಾಕು ಅಂತ ನನ್ನ ಕೈಗೆ ಕೊಟ್ಟಿದ್ರು."